ಹೊಳೆ ಏರಿದಾಗ ಭಜನೆ ಯಾಕೆ ಬೇಕಾಗುತ್ತದೆ

ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಶ್ರಾವಣವೂ ಮಹಾಪೂರವೂ ಹೆಚ್ಚುಕಮ್ಮಿ ಒಟ್ಟಿಗೇ ಬರುತ್ತವೆ. 2019ರಲ್ಲಿ ನಾಗರ ಪಂಚಮಿ ಆಗಸ್ಟ್ 5ಕ್ಕೆ ಇತ್ತು. ಹೆಣ್ಣುಮಕ್ಕಳು ತವರಿಗೆ ಬಂದಿದ್ದರು, ಮನೆಮನೆಯಲ್ಲಿ ಉಂಡಿ ಕಟ್ಟಿದ್ದರು, ಗುಡಿಗಳಲ್ಲಿ ಶ್ರಾವಣದ ಭಜನೆ ಶುರುವಾಗಿತ್ತು. ಅದೇ ವಾರ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಏರಿದವು. ಚಿಕ್ಕೋಡಿ, ಗೋಕಾಕ, ರಾಮದುರ್ಗದಿಂದ ಹಿಡಿದು ಮುಧೋಳ, ಜಮಖಂಡಿ, ಬಾದಾಮಿ, ಹುನಗುಂದದವರೆಗೆ ಹೊಳೆದಂಡೆಯ ಊರಿಗೆ ಊರೇ ಖಾಲಿಯಾದವು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತು.

ಅಂದಿನಿಂದ ಈ ಭಾಗದಲ್ಲಿ ಭಯ ಅನ್ನುವುದು ಒಂದು ದಿನದ್ದಾಗಿ ಉಳಿದಿಲ್ಲ. ಜೂನ್ ಬಂತೆಂದರೆ ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನುವ ಸಂದೇಶ ಮೊಬೈಲಿಗೆ ಬರಲು ಶುರು. ಅದರಲ್ಲಿ ಖರೆ ಯಾವುದು, ಹೋದ ವರ್ಷದ ಫೋಟೊ ಯಾವುದು ಗೊತ್ತಾಗುವುದಿಲ್ಲ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ನಮ್ಮ ಹೊಲ, ನಮ್ಮ ಓಣಿ ಉಳಿಯುತ್ತದೋ ಇಲ್ಲವೋ ಅನ್ನುವ ಚಿಂತೆ ಹಿನ್ನೀರಿನ ಹಳ್ಳಿಗಳಲ್ಲಿ ವರ್ಷಾನುಗಟ್ಟಲೆಯಿಂದ ಇದೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇದೆ, ಸುತ್ತಲಿನ ಎಷ್ಟೋ ಹಳ್ಳಿಗಳಿಂದ ಮಕ್ಕಳು ಸೈನ್ಯಕ್ಕೆ ಹೋಗಿದ್ದಾರೆ. 2025ರ ಮೇ 7ರಿಂದ 10ರವರೆಗೆ ಪಾಕಿಸ್ತಾನದ ಜೊತೆ ಗಡಿಯಲ್ಲಿ ಕಾಳಗ ನಡೆದಾಗ ಆ ಮನೆಗಳಲ್ಲಿ ಟಿವಿ ಆರಿಸಲೂ ಆಗದೆ, ನೋಡಲೂ ಆಗದೆ ಕೂತವರ ಸಂಕಟ ಹೊರಗಿನವರಿಗೆ ಅಷ್ಟು ಸುಲಭಕ್ಕೆ ತಿಳಿಯುವುದಿಲ್ಲ.

ಇಂಥ ಹೊತ್ತಿನಲ್ಲಿ ಜನ ದೇವರ ಹಾಡಿನ ಕಡೆ ಹೋಗುತ್ತಾರೆ. ಇದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. 2020ರ ಮಾರ್ಚ್‌ನಲ್ಲಿ, ಕೊರೊನಾ ಹಬ್ಬುತ್ತಿದ್ದಾಗ, ಗೂಗಲ್‌ನಲ್ಲಿ ಪ್ರಾರ್ಥನೆಯ ಬಗ್ಗೆ ಹುಡುಕುವವರು ಜಗತ್ತಿನ ತುಂಬ ಒಮ್ಮೆಲೇ ಜಾಸ್ತಿಯಾದರು ಎಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ಜೀನೆಟ್ ಬೆಂಟ್ಜೆನ್ ತೋರಿಸಿಕೊಟ್ಟಿದ್ದಾರೆ. ಹಾಗಾದರೆ ಭಜನೆ, ತತ್ವಪದ, ಅಭಂಗ, ಮೊಹರಂ ಪದ, ಚರ್ಚಿನ ಸ್ತೋತ್ರಗಳು ಅಂಜಿದ ಮನುಷ್ಯನಿಗೆ ನಿಜಕ್ಕೂ ಏನು ಮಾಡುತ್ತವೆ? ಸುಮ್ನೆ ಮನಸ್ಸಿಗೆ ಸಮಾಧಾನ ಅಂದುಬಿಟ್ಟರೆ ಏನೂ ಹೇಳಿದ ಹಾಗಾಗುವುದಿಲ್ಲ, ಅಲ್ವಾ? ನನ್ನ ತಿಳಿವಳಿಕೆ ಇಷ್ಟು: ಧೈರ್ಯ ಬರುವುದು ಹಾಡು ಕೇಳುವುದಕ್ಕಿಂತ ಕೂಡಿ ಹಾಡುವುದರಿಂದ. ಮತ್ತೆ, ಆ ಹಾಡು ಭಯವನ್ನು ಮುಚ್ಚಿಡದೆ ಬಾಯಿಬಿಟ್ಟು ಹೇಳಬೇಕು.

ಮೊದಲು ಉಸಿರಿನ ಮಾತು. ಅಂಜಿಕೆ ಆದಾಗ ಉಸಿರು ಎದೆಯ ಮೇಲ್ಭಾಗದಲ್ಲೇ ಓಡಾಡುತ್ತದೆ. ಬೇಗಬೇಗ, ಗಿಡ್ಡಗಿಡ್ಡ. ಎದೆ ಡವಡವ ಅನ್ನುತ್ತದೆ, ಬಾಯಿ ಆರುತ್ತದೆ. ಮನಸ್ಸಿಗೆ ಸಮಾಧಾನ ಹೇಳಿದರೆ ಅದು ಕೇಳುವುದಿಲ್ಲ, ಆದರೆ ಉಸಿರು ನಮ್ಮ ಕೈಗೆ ಸ್ವಲ್ಪ ಸಿಗುತ್ತದೆ. ಉಸಿರನ್ನು ಉದ್ದಕ್ಕೆ ಬಿಟ್ಟರೆ ಎದೆಬಡಿತ ನಿಧಾನವಾಗುತ್ತದೆ. ಹಾಡುವುದೆಂದರೆ ಉಸಿರನ್ನು ಉದ್ದಕ್ಕೆ ಬಿಡುವುದೇ. ಇಟಲಿಯ ಸಂಶೋಧಕರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 23 ಮಂದಿ ಆರೋಗ್ಯವಂತರು. ಅವರು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿದರು, ಆಮೇಲೆ ಬೌದ್ಧರ ‘ಓಂ ಮಣಿ ಪದ್ಮೆ ಹುಂ’ ಹೇಳಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಸಾಮಾನ್ಯವಾಗಿ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಉಸಿರು ಇಳಿದ ಹಾಗೆ ಎದೆಬಡಿತ ಮತ್ತು ರಕ್ತದೊತ್ತಡದ ಏರಿಳಿತವೂ ಒಂದು ಲಯಕ್ಕೆ ಬಂದವು. ಧರ್ಮ ಬೇರೆ, ಭಾಷೆ ಬೇರೆ, ಉಸಿರಿನ ಲೆಕ್ಕ ಮಾತ್ರ ಒಂದೇ. 23 ಮಂದಿ ಅಂದರೆ ದೊಡ್ಡ ಸಂಖ್ಯೆಯೇನಲ್ಲ. ಆದರೂ ದಿನಾ ಭಜನೆಗೆ ಕೂರುವವರನ್ನು ಕೇಳಿ ನೋಡಿ, ಅವರು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ.

ನಮ್ಮ ಕಡೆಯ ಭಜನೆಯ ಕಟ್ಟು ನೋಡಿ. ಒಬ್ಬರು ಪಲ್ಲವಿ ಹಿಡಿಯುತ್ತಾರೆ. ಒಂದು ಸಾಲು, ಒಂದು ಉಸಿರು. ಅವರು ಬಿಟ್ಟ ಕೂಡಲೇ ಉಳಿದವರು ಅದೇ ಸಾಲನ್ನು ಎತ್ತಿಕೊಳ್ಳುತ್ತಾರೆ. ಮುಂದಿನವರಿಗೆ ಅಷ್ಟೊತ್ತು ದಮ್ಮು ತೆಗೆದುಕೊಳ್ಳಲು ಸಿಗುತ್ತದೆ. ಪೇಟಿ, ಅಂದರೆ ಹಾರ್ಮೋನಿಯಂ, ಸ್ವರ ಹಿಡಿದಿರುತ್ತದೆ, ಡಗ್ಗಾ ಮತ್ತು ತಾಳ ಲಯ ತಪ್ಪದಂತೆ ನೋಡಿಕೊಳ್ಳುತ್ತವೆ. ಮೊದಮೊದಲು ನಿಧಾನ. ನುಡಿಗಳು ದಾಟಿದ ಹಾಗೆ ಲಯ ಏರುತ್ತ ಹೋಗಿ, ಕೊನೆಗೆ ಎಲ್ಲರೂ ಬೆವರುವಷ್ಟು ಜೋರಾಗುತ್ತದೆ, ಮತ್ತೆ ಜಯಕಾರ ಹೇಳಿ ಒಮ್ಮೆಲೇ ನಿಲ್ಲುತ್ತದೆ. ಅಂಜಿದ ಮೈಯಲ್ಲಿ ಎಲ್ಲಿಗೂ ಹೋಗಲಾರದೆ ಕೂತ ಒಂದು ಚಡಪಡಿಕೆ ಇರುತ್ತದೆ. ಅದಕ್ಕೆ ಇಲ್ಲಿ ಹೊರಗೆ ಹೋಗಲು ದಾರಿ ಸಿಗುತ್ತದೆ. ಇದನ್ನು ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ, ತಲೆಮಾರುಗಳ ರೂಢಿಯಿಂದ ಬಂದದ್ದು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಕೂಡಿ ಹಾಡುವವರ ಎದೆಬಡಿತ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೆ ಎಂದು ತೋರಿಸಿತು. ಎಲ್ಲರೂ ಒಂದೇ ಕಡೆ ಉಸಿರು ಬಿಟ್ಟು ಒಂದೇ ಕಡೆ ತೆಗೆದುಕೊಂಡರೆ ಮೈ ಕೂಡ ಹಾಗೇ ನಡೆಯುತ್ತದೆ.

2019ರ ಆ ವಾರ ಮುಧೋಳ ತಾಲ್ಲೂಕಿನ ಒಂದು ಸರಕಾರಿ ಶಾಲೆಯಲ್ಲಿ ನಾನು ಕಂಡದ್ದು ಇಲ್ಲಿ ಹೇಳಲೇಬೇಕು. ಏಳನೇ ಇಯತ್ತೆಯ ಕೋಣೆ. ಬೆಂಚುಗಳನ್ನು ಗೋಡೆಗೆ ಒಟ್ಟಿ, ಕೆಳಗೆ ತಾಡಪತ್ರಿ ಹಾಸಿ ಆರೇಳು ಮನೆಯವರು ಕೂತಿದ್ದರು. ಗೋಡೆಯಲ್ಲಿದ್ದ ಒಂದೇ ಒಂದು ಪ್ಲಗ್ಗಿಗೆ ಮೊಬೈಲುಗಳು ಸರತಿಯಲ್ಲಿದ್ದವು. ಯಾರೂ ಮಲಗಿರಲಿಲ್ಲ. ಮಾತೆಲ್ಲ ಒಂದೇ: ಯಾರ ಮನೆ ಬಿತ್ತು, ಯಾರ ಎಮ್ಮೆ ಹಗ್ಗದಲ್ಲೇ ಉಳಿಯಿತು, ಇನ್ನೂ ಎಷ್ಟು ನೀರು ಬರುತ್ತದೆ. ಒಬ್ಬರು ಹೇಳಿದ್ದಕ್ಕಿಂತ ಇನ್ನೊಬ್ಬರು ಹೇಳಿದ್ದು ಕೆಟ್ಟದ್ದು. ಅಷ್ಟರಲ್ಲಿ ಒಬ್ಬ ಅಜ್ಜ ತನ್ನ ಗಂಟು ಬಿಚ್ಚಿದ. ಎರಡು ಧೋತರ, ರೇಷನ್ ಕಾರ್ಡು, ಟವೆಲಿನಲ್ಲಿ ಸುತ್ತಿದ ಒಂದು ಜೋಡಿ ತಾಳ. ಮೊಮ್ಮಗನಿಗೆ ಸಿಟ್ಟೇ ಬಂತು. “ಅಜ್ಜಾ, ಹೊಲದ ಕಾಗದ ಬಿಟ್ಟು ತಾಳ ಹಿಡ್ಕೊಂಡ್ ಬಂದೀಯಲ್ಲೋ!” ಅಜ್ಜ ಅಂದದ್ದು ಇಷ್ಟೇ: “ಸುಮ್ಕಿರಪಾ. ಹಿಂದ ಅನ್ನು.”

ಅವನು ಪಲ್ಲವಿ ಎತ್ತಿದ. ಯಾರೂ ಅನ್ನಲಿಲ್ಲ. ತಾನೇ ಹಾಡಿ, ತಾನೇ ಹಿಂದೆಯೂ ಅಂದ. ಎರಡನೇ ಸಲ ಕರಿಹಲಗೆ ಕಡೆ ಕೂತಿದ್ದ ಒಬ್ಬ ಅವ್ವ ಸೆರಗು ಬಾಯಿಗೆ ಹಿಡಿದುಕೊಂಡೇ ದನಿ ಕೂಡಿಸಿದಳು. ಮೂರನೇ ಸಲಕ್ಕೆ ಅರ್ಧ ಕೋಣೆ. ಯಾರೋ ನೀರಿನ ಕೊಡ ಬೋರಲು ಹಾಕಿ ಡಗ್ಗಾ ಮಾಡಿಕೊಂಡರು. ನನಗೆ ಇವತ್ತಿಗೂ ನೆನಪಿರುವುದು ಹಾಡಿಗಿಂತ ಅದರ ಮುಂದಿನದು. ಮೂರ್ನಾಲ್ಕು ಪದ ಆದ ಮೇಲೆ, ಅದೇ ಜನ ಅದೇ ಜಾಗದಲ್ಲಿ ಕೂತು, ನಾಳೆ ಬೆಳಿಗ್ಗೆ ದನಗಳಿಗೆ ಮೇವು ಯಾರು ತರುವುದು, ಔಷಧಿ ಬಿಟ್ಟು ಬಂದ ಶುಗರ್ ಪೇಷಂಟ್ ಯಾರ್‍ಯಾರಿದ್ದಾರೆ ಎಂದು ಮಾತಾಡಲು ಶುರು ಮಾಡಿದರು. ಒಂದು ತಾಸಿನ ಹಿಂದೆ ಆ ಕೋಣೆಯಲ್ಲಿ ಇಂಥ ಮಾತು ಹುಟ್ಟುವುದು ಸಾಧ್ಯವೇ ಇರಲಿಲ್ಲ. ಭಯ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಮಾಡಿ ಕೂರಿಸಿತ್ತು. ಒಬ್ಬರ ಸಾಲಿಗೆ ಇನ್ನೊಬ್ಬರು ಓಗೊಟ್ಟ ಮೇಲೆ ಅವರು ಮತ್ತೆ ಒಂದು ಊರಿನವರಾದರು.

ಹಾಗಾಗಿ ‘ಭಜನೆ ಮಾಡ್ಕೊಂಡು ಕೂತ್ರೆ ನೀರು ಇಳಿಯುತ್ತಾ?’ ಎಂದು ಕೇಳುವವರಿಗೆ ನನ್ನ ಉತ್ತರ: ನೀರು ಇಳಿಯುವುದಿಲ್ಲ. ನೀರು ಇಳಿಯುವವರೆಗೆ ತಲೆ ಕೆಲಸ ಮಾಡಬೇಕಲ್ಲ, ಅದಕ್ಕೆ ಭಜನೆ. ಹೆದರಿದಾಗ ಹೊಸ ಮಾತು ಹೊಳೆಯುವುದಿಲ್ಲ. ಸಣ್ಣಂದಿನಿಂದ ಕೇಳಿದ ಪದ ಮಾತ್ರ ತಾನಾಗಿ ಬಾಯಿಗೆ ಬರುತ್ತದೆ. ಮರೆವಿನ ಕಾಯಿಲೆ ಬಂದು ಮಕ್ಕಳ ಹೆಸರೇ ಮರೆತವರು ಹಳೆಯ ಹಾಡನ್ನು ತಪ್ಪದೆ ಹೇಳುವುದನ್ನು ವೈದ್ಯರೂ ನೋಡಿದ್ದಾರೆ, ಮನೆಯವರೂ ನೋಡಿದ್ದಾರೆ. ಅಷ್ಟು ಆಳದಲ್ಲಿ ಇರುವುದು ಕಷ್ಟದ ಹೊತ್ತಿಗೆ ಕೈಕೊಡುವುದಿಲ್ಲ.

ಇನ್ನು ಹಾಡಿನ ಮಾತು. ಇದು ನನಗೆ ಲಯಕ್ಕಿಂತ ದೊಡ್ಡದು ಅನಿಸುತ್ತದೆ. ನಮ್ಮ ಭಾಗದ ಒಳ್ಳೆಯ ಪದಗಳು ‘ಏನೂ ಆಗಲ್ಲ, ಹೆದರಬೇಡ’ ಎಂದು ಪುಸಲಾಯಿಸುವುದಿಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿ ವಿಜಯಪುರ ಜಿಲ್ಲೆಯಲ್ಲಿದೆ, ಐಕ್ಯನಾದ ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿ, ಕೃಷ್ಣಾ ಮತ್ತು ಮಲಪ್ರಭಾ ಕೂಡುವ ಜಾಗದಲ್ಲೇ ಇದೆ. ಅವನ ವಚನ ‘ನಾಳೆ ಬಪ್ಪುದು ನಮಗಿಂದೇ ಬರಲಿ, ಇಂದು ಬಪ್ಪುದು ನಮಗೀಗಲೇ ಬರಲಿ, ಇದಕಾರಂಜುವರು’ ಎಂದು ಶುರುವಾಗುತ್ತದೆ. ಕೆಟ್ಟದ್ದು ಬರುವುದಿಲ್ಲ ಎಂಬ ಭರವಸೆ ಅದರಲ್ಲಿ ಎಲ್ಲಿಯೂ ಇಲ್ಲ. ಬರುತ್ತದೆ, ಬರಲಿ ಅನ್ನುತ್ತದೆ. ಶಿಶುನಾಳ ಶರೀಫರ ಮಾಳಿಗೆ ಸೋರುವ ಪದವನ್ನು ಮಳೆಗಾಲದಲ್ಲಿ ಮಣ್ಣಿನ ಮೇಲ್ಮುದ್ದೆಯ ಮನೆಯಲ್ಲಿ ಕೂತು ಹಾಡಿ ನೋಡಿ. ಅದರ ತತ್ವ ಏನೇ ಇರಲಿ, ಮೊದಲು ಅದು ನಿಮ್ಮ ತಲೆಯ ಮೇಲಿನ ಸೋರುವ ಮಾಳಿಗೆಯನ್ನು ಒಪ್ಪಿಕೊಳ್ಳುತ್ತದೆ. ನಿನ್ನ ಕಷ್ಟ ನನಗೆ ಕಂಡಿದೆ ಎಂದು ಮೊದಲು ಹೇಳಿದವರ ಮಾತನ್ನೇ ಅಲ್ಲವೇ ನಾವು ನಂಬುವುದು?

ಮೊಹರಂ ಪದಗಳನ್ನು ತೆಗೆದುಕೊಳ್ಳಿ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳಲ್ಲಿ ಅಲಾಯಿ ದೇವರನ್ನು ಕೂರಿಸಿ, ಕತ್ತಲರಾತ್ರಿಯ ದಿನ ಹೆಜ್ಜೆಮೇಳ ಕಟ್ಟಿ, ರಿವಾಯತ್ ಪದ ಹಾಡುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲಿ ಉಳಿದ ಜಾತಿಯವರೇ ಸೇರಿ ಮಾಡುವುದೂ ಇದೆ. ಅವರು ಹಾಡುವುದು ಏನನ್ನು? ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರು ಮತ್ತು ಅವರ ಜೊತೆಯವರು ನೀರಿಲ್ಲದೆ ಬಳಲಿ, ಕಾಳಗದಲ್ಲಿ ಸತ್ತ ಕಥೆಯನ್ನು. ಗೆಲುವು ಇಲ್ಲ, ಪವಾಡ ಇಲ್ಲ. ಬಾಯಾರಿದ ಕೂಸು ಇದೆ, ತಾಯಿಯ ಗೋಳು ಇದೆ. ಆದರೂ ಆ ರಾತ್ರಿ ಹಾಡಿ ಬಂದವರ ಮುಖದಲ್ಲಿ ಒಂದು ಗಟ್ಟಿತನ ಇರುತ್ತದೆ. ಸೋತವರ ಪರ ನಿಂತು ಹಾಡಿದವರಿಗೆ, ನಾಳೆ ತಾನು ಸೋತಾಗ ತನ್ನ ಪರವೂ ಯಾರೋ ಹಾಡುತ್ತಾರೆ ಎಂಬ ನಂಬಿಕೆ ಬರುತ್ತದೆ ಎಂದೇ ನಾನು ತಿಳಿದುಕೊಂಡಿದ್ದೇನೆ.

ಒಬ್ಬಂಟಿಯಾದವರಿಗೂ ಹಾಡು ಒದಗುತ್ತದೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಮುಂದೆ ಹಿಂದೂಸ್ತಾನಿ ಗವಾಯಿ ಕುಮಾರ ಗಂಧರ್ವರಾದರು. ಹುಡುಗನಿದ್ದಾಗಲೇ ದೊಡ್ಡ ಹೆಸರು. ಇಪ್ಪತ್ತರ ಹರೆಯದಲ್ಲಿ ಕ್ಷಯ ಬಂತು. ಒಣಹವೆ ಬೇಕೆಂದು 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡಲೇಬಾರದು ಎಂದರು ವೈದ್ಯರು. ಗವಾಯಿಗೆ ಇದಕ್ಕಿಂತ ದೊಡ್ಡ ಭಯ ಯಾವುದು? ವರ್ಷಗಟ್ಟಲೆ ಹಾಸಿಗೆ. ಆ ಹೊತ್ತಿನಲ್ಲಿ ಅವರಿಗೆ ಸಿಕ್ಕಿದ್ದು ಮಾಳವಾದ ಜನ ಹಾಡುತ್ತಿದ್ದ ಪದಗಳು. ಕ್ಷಯಕ್ಕೆ ಹೊಸ ಔಷಧಿ ಬಂದು 1950ರ ದಶಕದ ಆರಂಭದಲ್ಲಿ ಅವರು ಮತ್ತೆ ಕಚೇರಿಗೆ ಬಂದಾಗ ಒಂದು ಶ್ವಾಸಕೋಶ ಹಾಳಾಗಿತ್ತು. ಉದ್ದದ ತಾನಿಗೆ ದಮ್ಮು ಸಾಲುತ್ತಿರಲಿಲ್ಲ. ಚಿಕ್ಕ ಚಿಕ್ಕ ತುಂಡುಗಳಲ್ಲಿ ಹಾಡುವ ಬೇರೆಯದೇ ರೀತಿ ಕಟ್ಟಿಕೊಂಡರು. ಸಾವನ್ನು ನೇರವಾಗಿ ನೋಡಿ ಮಾತಾಡುವ ಕಬೀರರ ನಿರ್ಗುಣಿ ಭಜನೆಗಳನ್ನು ಅವರು ಮುಂದೆ ಹಾಡಿದ್ದು ಕೇಳಿದರೆ, ಇದು ಹಾಸಿಗೆ ಹಿಡಿದು ಎದ್ದವನ ದನಿ ಎಂದು ಅನಿಸದೇ ಇರದು. ಇಲ್ಲಿ ಔಷಧಿಯ ಕೆಲಸ ಔಷಧಿ ಮಾಡಿತು. ಹಾಡು ಮಾಡಿದ್ದು ಬೇರೆ ಕೆಲಸ. ಎರಡನ್ನೂ ಕಲಸಿ ಹಾಡಿನಿಂದಲೇ ರೋಗ ವಾಸಿ ಎನ್ನುವವರ ಹತ್ತಿರ ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಯಾಕೆಂದರೆ ಹಾಡುವುದೇ ಅಪಾಯವಾದ ಕಾಲವನ್ನೂ ನಾವು ಕಂಡಿದ್ದೇವೆ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ ಗಾಯಕರ ಗುಂಪೊಂದು ಎರಡೂವರೆ ತಾಸು ತಾಲೀಮು ಮಾಡಿತು. 61 ಮಂದಿ ಇದ್ದರು. ಅವರಲ್ಲಿ 53 ಮಂದಿಗೆ ಕೊರೊನಾ ತಗುಲಿತು ಅಥವಾ ತಗುಲಿರಬಹುದು ಎಂದು ಲೆಕ್ಕ ಹಾಕಿದರು, ಇಬ್ಬರು ತೀರಿಹೋದರು. ನಮ್ಮಲ್ಲೂ ಭಜನೆ ನಿಂತಿತು, ನಿಲ್ಲಬೇಕಾಗಿತ್ತು. ಆದರೆ ಅದರಿಂದ ಆದ ಗಾಯದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ರಾತ್ರಿಯಿಡೀ ಭಜನೆ ಇರುತ್ತದೆ. ಮಣ್ಣಿಗೆ ಒಯ್ಯುವಾಗಲೂ ಮುಂದೆ ಭಜನೆ. ಮನೆಯವರು ಅಳುತ್ತ ಅಳುತ್ತ ಒಂದು ಹಂತದಲ್ಲಿ ಹಾಡಿಗೆ ದನಿ ಕೂಡಿಸುತ್ತಾರೆ, ಅಲ್ಲಿಂದ ದುಃಖ ಸ್ವಲ್ಪ ಇಳಿಯಲು ಶುರುವಾಗುತ್ತದೆ. 2020 ಮತ್ತು 2021ರಲ್ಲಿ ಹೋದ ಎಷ್ಟೋ ಜನರಿಗೆ ಆ ಒಂದು ರಾತ್ರಿ ಸಿಗಲಿಲ್ಲ. ಅವರ ಮನೆಯವರು ಇವತ್ತಿಗೂ ‘ಒಂದು ಭಜನೆನೂ ಮಾಡಿಸಲಿಕ್ಕೆ ಆಗಲಿಲ್ಲ’ ಎಂದು ಕಣ್ಣೀರು ಹಾಕುತ್ತಾರೆ. ಪರಿಹಾರದ ಹಣದಷ್ಟೇ ಇದೂ ಅವರಿಗೆ ಬರಬೇಕಾದ ಬಾಕಿ. ಊರಿನವರು ಮನಸ್ಸು ಮಾಡಿದರೆ ಈಗಲೂ ಒಂದು ಅಮಾವಾಸ್ಯೆಯ ದಿನ ಆ ಹೆಸರುಗಳನ್ನೆಲ್ಲ ಹೇಳಿ ಭಜನೆ ಮಾಡಬಹುದು.

ಈಗ ಆಗುತ್ತಿರುವುದು ನನಗೆ ಚಿಂತೆ ಹುಟ್ಟಿಸುತ್ತದೆ. ಹಬ್ಬಗಳಲ್ಲಿ ಡಿಜೆ ಬಂದಿದೆ. ಎದೆ ನಡುಗುವಷ್ಟು ಸದ್ದು. ಅದರ ಮುಂದೆ ಕುಣಿಯಬಹುದು, ಹಾಡಲು ಆಗುವುದಿಲ್ಲ. ಹಾರ್ಟ್ ಪೇಷಂಟ್ ಇರುವ ಮನೆಯವರು ಬಾಗಿಲು ಹಾಕಿಕೊಂಡು ಕೂರುತ್ತಾರೆ. ದೇವರ ಮೆರವಣಿಗೆಯೇ ಒಂದು ಮನೆಗೆ ಅಂಜಿಕೆ ಆಗುತ್ತದೆ ಅಂದರೆ ಏನು ಹೇಳುವುದು. ಇದಕ್ಕಿಂತ ಕೆಟ್ಟದ್ದು, ದೇವರ ಹೆಸರು ಹಾಕಿ ಇನ್ನೊಂದು ಧರ್ಮದವರನ್ನು ಬೈಯುವ ಹಾಡುಗಳು, ಮತ್ತು ಅವರ ಪ್ರಾರ್ಥನೆಯ ಜಾಗದ ಮುಂದೆಯೇ ಅದರ ಸದ್ದು ಏರಿಸುವುದು. ಹಾಡುವವರಿಗೆ ಅದರಿಂದಲೂ ಒಂದು ಹುರುಪು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಕೂಡಿ ಹಾಡುವುದರ ಬಲ ಯಾವ ಕಡೆಗೆ ಬೇಕಾದರೂ ತಿರುಗುತ್ತದೆ. ಆದರೆ ನನ್ನ ಭಯ ಹೋಗಲು ಪಕ್ಕದ ಓಣಿಯವರಿಗೆ ಭಯ ಹುಟ್ಟಬೇಕು ಅಂದರೆ ಊರಿನಲ್ಲಿ ಭಯ ಜಾಸ್ತಿಯೇ ಆಯಿತು. ಇದು ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಆಳಿದ ನಾಡು. 1580ರಿಂದ 1627ರವರೆಗೆ ವಿಜಯಪುರವನ್ನು ಆಳಿದ ಆ ಸುಲ್ತಾನ ತನ್ನ ಹಾಡುಗಳಲ್ಲಿ ಸರಸ್ವತಿ, ಗಣಪತಿಯನ್ನೂ ಕಲಬುರಗಿಯ ಸೂಫಿ ಸಂತ ಬಂದೇ ನವಾಜರನ್ನೂ ಸ್ತುತಿಸಿದ. ಗೋಳಗುಮ್ಮಟವನ್ನು ಹೊರಗಿನವರಿಗೆ ತೋರಿಸುವಷ್ಟೇ ಅಭಿಮಾನದಿಂದ ನಾವು ಇದನ್ನೂ ಹೇಳಬೇಕು.

ಭಜನೆಯ ಒಳಗಿನ ಮಾತೂ ಇದೆ. ಎಲ್ಲ ಜಾತಿಯವರೂ ಒಂದೇ ಜಮಖಾನೆಯ ಮೇಲೆ ಕೂರುತ್ತಾರೋ? ಕೆಲವು ಕಡೆ ಕೂರುತ್ತಾರೆ, ಕೆಲವು ಕಡೆ ಒಬ್ಬರು ಒಳಗೆ, ಇನ್ನೊಬ್ಬರು ಕಟ್ಟೆಯ ಕೆಳಗೆ. ಹೊಳೆ ಬಂದಾಗ ಎಲ್ಲರೂ ಅದೇ ಶಾಲೆಯ ಕೋಣೆಯಲ್ಲಿ ಇರುತ್ತಾರೆ. ಆವಾಗ ಒಮ್ಮೆಲೇ ಒಂದಾಗಿ ಅಂದರೆ ಆಗುವ ಕೆಲಸವಲ್ಲ. ಒಂದೇ ತಾಳಕ್ಕೆ ಕೂತು ರೂಢಿ ಇದ್ದವರಿಗೆ ಮಾತ್ರ ಅದು ಸಾಧ್ಯ.

ಸರಕಾರದ ಕಾಳಜಿ ಕೇಂದ್ರಗಳಲ್ಲಿ ಊಟ, ಹಾಸಿಗೆ, ಔಷಧಿಯ ವ್ಯವಸ್ಥೆ ಬಗ್ಗೆ ಈಗ ಒಂದಿಷ್ಟು ತಯಾರಿ ಇರುತ್ತದೆ. ಅದರ ಜೊತೆ ಸಂಜೆ ಒಂದು ತಾಸು ಕೂಡಿ ಹಾಡಲು ಜಾಗ ಬಿಟ್ಟುಕೊಟ್ಟರೆ ಖರ್ಚೇನೂ ಇಲ್ಲ. ಮೈಕ್ ಬೇಡವೇ ಬೇಡ. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ಹೇಗೂ ಅವಕಾಶ ಇಲ್ಲ, ಒಂದು ಕೋಣೆಗೆ ಬಾಯಿದನಿಯೇ ಸಾಕು. ಭಜನೆಯವರು, ಮೊಹರಂ ಪದದವರು, ಡೊಳ್ಳಿನ ಪದದವರು, ಚೌಡಿಕೆಯವರು, ಚರ್ಚಿನವರು, ಯಾರು ಇದ್ದರೆ ಅವರು ಒಂದೊಂದು ಪದ ಹೇಳಲಿ. ಯಾರನ್ನೂ ಒತ್ತಾಯ ಮಾಡಿ ಕೂರಿಸಬಾರದು. ಅದೇ ದಿನ ಮನೆಯವರನ್ನು ಕಳೆದುಕೊಂಡವರಿಗೆ ಯಾವ ಹಾಡೂ ಬೇಡವಾಗಿರುತ್ತದೆ. ಅವರ ಪಕ್ಕ ಯಾರಾದರೂ ಸುಮ್ಮನೆ ಕೂತರೆ ಸಾಕು.

ಊರಿನವರು ಮಾಡಬೇಕಾದದ್ದು ಇದಕ್ಕೂ ಮೊದಲಿದೆ. ಎಷ್ಟೋ ಗುಡಿಗಳಲ್ಲಿ ಪೇಟಿಯ ಸ್ವರಗಳು ಕೂತುಬಿಟ್ಟಿವೆ, ಡಗ್ಗಾದ ಚರ್ಮ ಹರಿದಿದೆ, ಪಲ್ಲವಿ ಹಿಡಿಯುವವರಿಗೆ ಎಪ್ಪತ್ತು ದಾಟಿದೆ. ಹುಡುಗರು ಅದೇ ಪದವನ್ನು ಯೂಟ್ಯೂಬಿನಲ್ಲಿ ಕೇಳುತ್ತಾರೆ, ಬಾಯಿಪಾಠ ಇಲ್ಲ. ಕರೆಂಟ್ ಹೋಗಿ ಮೊಬೈಲ್ ಆರಿದ ರಾತ್ರಿಗೆ ಯೂಟ್ಯೂಬ್ ಬರುವುದಿಲ್ಲ. ಮುಂದಿನ ಶ್ರಾವಣದ ಒಳಗೆ ಪೇಟಿ ರಿಪೇರಿ ಮಾಡಿಸಿ. ಸೋಮವಾರದ ಭಜನೆಗೆ ನಿಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ, ಹಿಂದೆ ಅನ್ನುವವರ ಸಾಲಿನಲ್ಲಿ ಕೂರಿಸಿ. ನಾಲ್ಕು ಪದ ಬಾಯಿಗೆ ಬರುವವರೆಗೆ ಕೂರಿಸಿ, ಸಾಕು.